ಬಲಮುರಿಯ ಬಾಯೊಳಗೆ ಬೆರಳಿಟ್ಟು ನೋಡಿ

ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯಿಂದ ಕಡಲು ನೋಡಲು ಹೊರಟವರು ಸೊರಬ, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾ ಸೇರಬೇಕು. ರಸ್ತೆಯಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಮಲ್ಲಿಕಾರ್ಜುನ ನೆಲೆಸಿರುವ ಈ ಊರಿನ ಸುತ್ತ ಇರುವುದು ಭತ್ತ, ಅಡಿಕೆ, ಮೆಕ್ಕೆಜೋಳ. ಆದರೂ ಸಮುದ್ರದ ಹುಳುಗಳು ಬಿಟ್ಟುಹೋದ ಮನೆಗಳು ಈ ಸೀಮೆಯ ಮನೆಮನೆಯಲ್ಲೂ ಇವೆ. ದೇವರ ಗೂಡಿನಲ್ಲಿ ಶಂಖ, ಚೌಕಾಬಾರದ ಡಬ್ಬಿಯಲ್ಲಿ ಕವಡೆ, ರಾಮೇಶ್ವರಕ್ಕೋ ಕನ್ಯಾಕುಮಾರಿಗೋ ಹೋಗಿಬಂದವರ ಶೋಕೇಸಿನಲ್ಲಿ ಚಿಪ್ಪು ಅಂಟಿಸಿದ ಕನ್ನಡಿ. ದಾಸಯ್ಯ ಬಂದನೆಂದರೆ ಜಾಗಟೆಯ ಹಿಂದೆಯೇ ಶಂಖದ ದನಿ. ಮಕ್ಕಳು ಹೊರದೇಶದಲ್ಲಿರುವ ಮನೆಗಳಿಗೆ ಈಗ ಇನ್ನೊಂದೂ ಸೇರಿಕೊಂಡಿದೆ: ಕಿವಿಯಾಕಾರದ, ಅಂಚಿನಲ್ಲಿ ಸಾಲು ತೂತುಗಳಿರುವ, ಒಳಮೈ ನೀಲಿ ಹಸಿರು ಗುಲಾಬಿಯಾಗಿ ಹೊಳೆಯುವ ಅಬಲೋನಿ ಚಿಪ್ಪು.

ಇವುಗಳನ್ನು ಕೈಗೆತ್ತಿಕೊಂಡವರು ಕೇಳುವುದು ಎರಡೇ ಪ್ರಶ್ನೆ. ಇದು ಅಸಲಿಯೇ? ಇದಕ್ಕೆ ಎಷ್ಟು ಬೆಲೆ? ಎರಡಕ್ಕೂ ಉತ್ತರ ಹೇಳಲು ಮಾರುವವನು ಸದಾ ಸಿದ್ಧ. ನಾನು ಹೇಳಹೊರಟಿರುವುದು, ಅವನನ್ನು ಕೇಳುವ ಮೊದಲು ಚಿಪ್ಪನ್ನೇ ಕೇಳಬಹುದು ಎಂಬುದನ್ನು. ಚಿಪ್ಪು ಒಮ್ಮೆಗೇ ಎರಕ ಹೊಯ್ದ ವಸ್ತುವಲ್ಲ. ಒಳಗಿದ್ದ ಪ್ರಾಣಿ ತನ್ನ ಮೈಹೊದಿಕೆಯ ಅಂಚಿನಿಂದ ಸುಣ್ಣದಂಶ ಒಸರಿಸುತ್ತ, ಬಾಯಂಚಿಗೆ ಚೂರುಚೂರೇ ಸೇರಿಸುತ್ತ, ವರ್ಷಗಟ್ಟಲೆ ಕಟ್ಟಿದ್ದು. ಆ ಪ್ರಾಣಿ ಹೇಗೆ ಉಸಿರಾಡುತ್ತಿತ್ತು, ಎಲ್ಲಿ ಕಚ್ಚಿಕೊಂಡಿತ್ತು, ಯಾವ ಕಡೆಗೆ ತಿರುಗಿ ಬೆಳೆಯಿತು ಎಂಬ ಗುರುತುಗಳೆಲ್ಲ ಅದರಲ್ಲಿ ಉಳಿದಿರುತ್ತವೆ. ನಕಲಿ ಮಾಡುವವನಿಗೆ ಹೊರಗಿನ ಚೆಂದ ಕೈಗೆ ಬರುತ್ತದೆ, ಒಳಗಿನ ಈ ಗುರುತುಗಳು ಬರುವುದಿಲ್ಲ.

ಹಣ ಹೆಚ್ಚು ಕೈಬದಲಾಗುವುದು, ಮೋಸವೂ ಹೆಚ್ಚು ನಡೆಯುವುದು ಬಲಮುರಿ ಶಂಖದ ವಿಷಯದಲ್ಲಿ. ಆದ್ದರಿಂದ ಅಲ್ಲಿಂದಲೇ ಶುರುಮಾಡೋಣ.

ನಮ್ಮ ಪೂಜೆಯ ಶಂಖದ ಪ್ರಾಣಿಶಾಸ್ತ್ರೀಯ ಹೆಸರು ಟರ್ಬಿನೆಲ್ಲಾ ಪೈರಮ್. ಬಸವನಹುಳುವಿನ ಬಳಗದ ಇದು ಮರಳುತಳದ ಕಡಲಲ್ಲಿ ಹುಳಗಳನ್ನು ತಿಂದು ಬದುಕುತ್ತದೆ. ತೂತ್ತುಕುಡಿ, ರಾಮೇಶ್ವರದ ಸುತ್ತಲಿನ ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಶ್ರೀಲಂಕಾ, ಕೇರಳದ ಕರಾವಳಿ, ಗುಜರಾತಿನ ಓಖಾ ಸೀಮೆ ಇದರ ನೆಲೆಗಳು. ಇದರ ವ್ಯಾಪಾರ ಇಂದಿನದಲ್ಲ. ಗುಜರಾತಿನ ನಾಗೇಶ್ವರದಲ್ಲಿ ಹರಪ್ಪ ಕಾಲದ ಜನ ಇದೇ ಶಂಖವನ್ನು ಕೊಯ್ದು ಬಳೆ ಮಾಡುತ್ತಿದ್ದರು. ಬಂಗಾಳದ ಮುತ್ತೈದೆಯರ ಬಿಳಿ ಬಳೆಗೆ ಇಂದಿಗೂ ಇದೇ ಶಂಖ ಬೇಕು. 1914ರಲ್ಲಿ ಮದ್ರಾಸ್ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಈ ಒಂದು ಪ್ರಾಣಿಯ ಮೇಲೆಯೇ ಇಡೀ ಪುಸ್ತಕ ಬರೆದರು. ನೀರಿನಿಂದ ಎತ್ತಿದಾಗ ಶಂಖ ಬೆಳ್ಳಗಿರುವುದಿಲ್ಲ. ಅದರ ಮೇಲೆ ಕಂದುಬಣ್ಣದ, ಮಖಮಲ್ಲಿನಂಥ ಸಿಪ್ಪೆ ಇರುತ್ತದೆ. ಅದನ್ನು ಕೆರೆದು ತೆಗೆದ ಮೇಲೆಯೇ ಪಿಂಗಾಣಿಯ ಬಿಳುಪು ಕಾಣುವುದು.

ಈಗ ಮನೆಯ ಶಂಖವನ್ನು ಕೈಗೆ ತೆಗೆದುಕೊಳ್ಳಿ. ಅದಕ್ಕೆ ಎರಡು ತುದಿ: ಸುರುಳಿ ಸುತ್ತಿರುವ, ಊದಲು ಕತ್ತರಿಸುವ ತುದಿ ಒಂದು, ಅಭಿಷೇಕದ ನೀರು ಸುರಿಯುವ ಕೊಕ್ಕು ಇನ್ನೊಂದು. ಕೊಕ್ಕನ್ನು ಮೇಲೆ ಮಾಡಿ, ತೆರೆದ ಬಾಯಿ ನಿಮ್ಮ ಕಡೆಗಿರುವಂತೆ ಹಿಡಿಯಿರಿ. ಬಾಯಿ ನಿಮ್ಮ ಎಡಕ್ಕಿದ್ದರೆ ಎಡಮುರಿ, ಬಲಕ್ಕಿದ್ದರೆ ಬಲಮುರಿ. ಸಂಪ್ರದಾಯದ ಲೆಕ್ಕ ಇದು. ಪ್ರಾಣಿಶಾಸ್ತ್ರಜ್ಞರು ಸುರುಳಿಯ ತುದಿಯನ್ನು ಮೇಲೆ ಮಾಡಿ ಹಿಡಿಯುವುದರಿಂದ ಅವರ ಪುಸ್ತಕದಲ್ಲಿ ಎಡಬಲ ಅದಲುಬದಲಾಗಿರುತ್ತದೆ. ಹಿಡಿಯುವ ರೀತಿ ಬೇರೆ, ಶಂಖ ಒಂದೇ, ಜಗಳಕ್ಕೆ ಕಾರಣವಿಲ್ಲ. ಈ ಲೇಖನದ ಉದ್ದಕ್ಕೂ ನಮ್ಮ ಲೆಕ್ಕವನ್ನೇ ಇಟ್ಟುಕೊಳ್ಳುತ್ತೇನೆ.

ನಿಮ್ಮ ಶಂಖ ಎಡಮುರಿಯೇ ಆಗಿರುತ್ತದೆ ಎಂದು ನೋಡದೆಯೇ ಹೇಳಬಹುದು. ಬಲಮುರಿ ಲಕ್ಷಕ್ಕೊಂದು ಎಂಬ ಮಾತು ಶಂಖ ಎತ್ತುವವರ ನಡುವೆ ಹಳೆಯದು. ಈ ಅಪರೂಪಕ್ಕೆ ಜನ ಕೊಟ್ಟ ಗೌರವ ಘಟ್ಟದ ಕೆಳಗೂ ಇದೆ, ಹಿಮಾಲಯದ ಆಚೆಗೂ ಇದೆ. ತೊಗರ್ಸಿಯಿಂದ ಬನವಾಸಿ ದಾಟಿ ಮುಂಡಗೋಡಿಗೆ ಹೋದರೆ ಅಲ್ಲಿನ ಟಿಬೆಟನ್ ವಿಹಾರಗಳಲ್ಲೂ ಬಿಳಿಯ ಬಲಮುರಿ ಶಂಖ ಅಷ್ಟಮಂಗಳಗಳಲ್ಲಿ ಒಂದು.

ಇಷ್ಟು ಅಪರೂಪ ಏಕೆ? ಇಲ್ಲಿಯ ವಿಜ್ಞಾನ ಬಹಳ ಸೊಗಸಾಗಿದೆ. ಬಸವನಹುಳುವಿನ ಬಳಗದಲ್ಲಿ ಬಹುಪಾಲು ಜಾತಿಗಳು ಒಂದೇ ಕಡೆಗೆ ಸುತ್ತುತ್ತವೆ, ನಮ್ಮ ಎಡಮುರಿ ಸುತ್ತುವ ಕಡೆಗೆ. ಯಾವ ಕಡೆಗೆ ಎಂಬುದು ನಿರ್ಧಾರವಾಗುವುದು ಚಿಪ್ಪು ಮೂಡುವುದಕ್ಕೆ ಎಷ್ಟೋ ಮೊದಲು. ಮೊಟ್ಟೆ ಒಡೆದು ಎರಡು ಕೋಶವಾಗುತ್ತದೆ, ನಾಲ್ಕಾಗುತ್ತದೆ. ನಾಲ್ಕು ಎಂಟಾಗುವಾಗ ಮೇಲಿನ ನಾಲ್ಕು ಸಣ್ಣ ಕೋಶಗಳು ಕೆಳಗಿನವುಗಳ ಮೇಲೆ ನೆಟ್ಟಗೆ ಕೂರದೆ ಒಂದು ಪಕ್ಕಕ್ಕೆ ಹೊರಳಿ ಕೂರುತ್ತವೆ. ಹೊರಳಿದ ಕಡೆಯೇ ಮುಂದೆ ಹುಳುವಿನ ಹೃದಯ, ಕರುಳು, ಚಿಪ್ಪು ಎಲ್ಲದರ ಕಡೆ. 2009ರಲ್ಲಿ ಜಪಾನಿನ ರೇಕೊ ಕುರೋಡಾ ಅವರ ತಂಡ ಕೆರೆಯ ಬಸವನಹುಳುವಿನ ಎಂಟು ಕೋಶದ ಭ್ರೂಣವನ್ನು ಗಾಜಿನ ಸಪೂರ ಕಡ್ಡಿಯಿಂದ ಮೆಲ್ಲನೆ ಇನ್ನೊಂದು ಪಕ್ಕಕ್ಕೆ ತಳ್ಳಿತು. ಹಾಗೆ ತಳ್ಳಿಸಿಕೊಂಡ ಭ್ರೂಣಗಳು ಬೆಳೆದು ತಿರುಗುಮುರುಗು ಚಿಪ್ಪಿನ, ಆರೋಗ್ಯವಂತ ಹುಳುಗಳಾದವು. ವಂಶವಾಹಿಯನ್ನು ಮುಟ್ಟಿರಲೇ ಇಲ್ಲ!

ಹಾಗೆಂದು ವಂಶವಾಹಿಯ ಪಾತ್ರ ಇಲ್ಲವೆಂದಲ್ಲ. ಅದು ಇದೆ, ಆದರೆ ಒಂದು ತಲೆಮಾರು ತಡವಾಗಿ. 1923ರಲ್ಲೇ ಆಲ್ಫ್ರೆಡ್ ಸ್ಟರ್ಟೆವಂಟ್ ಇದನ್ನು ಬಿಡಿಸಿದ್ದರು: ಹುಳು ಯಾವ ಕಡೆ ಸುತ್ತುತ್ತದೆ ಎಂಬುದನ್ನು ಹೇಳುವುದು ಅದರ ಸ್ವಂತ ವಂಶವಾಹಿಯಲ್ಲ, ಅದರ ತಾಯಿಯದು. ಮೊಟ್ಟೆಗೆ ತಾಯಿ ತುಂಬಿಸಿಟ್ಟ ಸಾಮಗ್ರಿಯೇ ಮೊದಲ ಹೊರಳನ್ನು ನಡೆಸುತ್ತದೆ. ಆ ಸಾಮಗ್ರಿ ಯಾವುದು ಎಂದು ತಿಳಿಯಲು ಮಾತ್ರ 2016ರವರೆಗೆ ಕಾಯಬೇಕಾಯಿತು. ಕೋಶದೊಳಗಿನ ಅಸ್ಥಿಪಂಜರವನ್ನು ಕಟ್ಟುವ ಫಾರ್ಮಿನ್ ಎಂಬ ಪ್ರೋಟೀನು ಅದು. 2019ರಲ್ಲಿ ಕುರೋಡಾ ಮತ್ತು ಸಂಗಡಿಗರು ಆ ಒಂದು ವಂಶವಾಹಿಯನ್ನು ಕ್ರಿಸ್ಪರ್ ತಂತ್ರದಿಂದ ಕೆಡಿಸಿ, ಮರಿಗಳ ಸುರುಳಿ ತಿರುಗಿದ್ದನ್ನು ತೋರಿಸಿದರು.

ಕೆಲವು ತಿರುವುಗಳು ಬರೀ ಆಕಸ್ಮಿಕ. ಲಂಡನ್ನಿನ ಗೊಬ್ಬರದ ಗುಂಡಿಯೊಂದರಲ್ಲಿ ಸಿಕ್ಕ ಜೆರೆಮಿ ಎಂಬ ಉಲ್ಟಾ ಸುರುಳಿಯ ತೋಟದ ಹುಳು 2016ರಲ್ಲಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಅದಕ್ಕೆ ಜೋಡಿ ಹುಡುಕಿ ಪ್ರಕಟಣೆಯನ್ನೇ ಕೊಟ್ಟರು. ಏಕೆಂದರೆ ಇಂಥ ಹುಳುವಿನ ಜನನಾಂಗವೂ ಇನ್ನೊಂದು ಪಕ್ಕದಲ್ಲಿರುತ್ತದೆ, ಮಾಮೂಲಿ ಹುಳುವಿನೊಂದಿಗೆ ಕೂಡುವುದು ಆಗದ ಮಾತು. ಕೊನೆಗೆ ಸಂಗಾತಿಯೇನೋ ಸಿಕ್ಕಿತು. ಹುಟ್ಟಿದ ಮರಿಗಳೆಲ್ಲ ಮಾಮೂಲಿ ಸುರುಳಿಯವು! ಅಪರೂಪದ ತಿರುವು ಅಪರೂಪವಾಗಿಯೇ ಉಳಿಯಲು ಇದೂ ಒಂದು ಕಾರಣ. ಜೋಡಿಯೇ ಸಿಗದವನ ಸಂತಾನ ಬೆಳೆಯುವುದು ಹೇಗೆ?

ಇನ್ನು ಕೆಲವು ಜಾತಿಗಳಲ್ಲಿ ಇಡೀ ಕುಲವೇ ಆ ಕಡೆಗೆ ತಿರುಗಿಬಿಟ್ಟಿರುತ್ತದೆ. ಅಲ್ಲಿ ಬಲಮುರಿಯಾಗಿರುವುದೇ ಮಾಮೂಲು. ಇದಕ್ಕೆ ಉದಾಹರಣೆ ಪಶ್ಚಿಮ ಘಟ್ಟದಲ್ಲೇ ಇದೆ. ಏರಿಯೊಫ್ಯಾಂಟಾ ಲೇವಿಪೆಸ್ ಎಂಬ ನೆಲದ ಬಸವನಹುಳು ಹುಟ್ಟಾ ಬಲಮುರಿ. ಅಡಿಕೆ ತೋಟಕ್ಕೆ ಪೀಡೆಯಾಗಿರುವ ಆಫ್ರಿಕದ ದೊಡ್ಡ ಹುಳುವಿನ ಚಿಪ್ಪಿನ ಪಕ್ಕ ಅದನ್ನಿಟ್ಟರೆ ಒಂದರ ಸುರುಳಿ ಇನ್ನೊಂದರದರ ಕನ್ನಡಿ ಎನ್ನುವುದು ಕಣ್ಣಿಗೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಶಾಲೆಯ ಮಕ್ಕಳಿಗೆ ತೋರಿಸಬಹುದಾದ ಪಾಠ ಇದು, ಖರ್ಚಿಲ್ಲದ್ದು.

ಶಂಖದ ಪೇಟೆಯ ಮೋಸ ನಿಂತಿರುವುದೂ ಇದೇ ಸಂಗತಿಯ ಮೇಲೆ. ಅಮೆರಿಕದ ಆಗ್ನೇಯ ಕರಾವಳಿ ಮತ್ತು ಮೆಕ್ಸಿಕೊ ಕೊಲ್ಲಿಯಲ್ಲಿ ಲೈಟ್ನಿಂಗ್ ವೆಲ್ಕ್ ಎಂಬ ದೊಡ್ಡ ಶಂಖದ ಹುಳು ಇದೆ. ಅದು ಹೆಚ್ಚುಕಡಿಮೆ ಪ್ರತಿಯೊಂದೂ ಬಲಮುರಿ. ಅಲ್ಲಿ ಅದೇನೂ ವಿಶೇಷವಲ್ಲ. ಟೆಕ್ಸಸ್ ರಾಜ್ಯ 1987ರಲ್ಲಿ ಅದನ್ನು ತನ್ನ ರಾಜ್ಯದ ಚಿಪ್ಪೆಂದು ಘೋಷಿಸಿಕೊಂಡಿದೆ, ಕಡಲತೀರದ ಅಂಗಡಿಗಳಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ. ಮೇಲ್ಮೈಯ ಕಂದು ಗೀರುಗಳನ್ನು ಉಜ್ಜಿ ಬೆಳ್ಳಗೆ ಮಾಡಿ, ಇಲ್ಲಿಗೆ ತಂದು, ಕೆಂಪು ಬಟ್ಟೆಯ ಮೇಲಿಟ್ಟರೆ ಅದೇ ದಕ್ಷಿಣಾವರ್ತಿ, ಅಂದರೆ ಬಲಮುರಿ ಶಂಖ. ಬೆಲೆ ಸಾವಿರಗಳಲ್ಲಿ, ಗಿರಾಕಿಯ ಕಷ್ಟ ನೋಡಿಕೊಂಡು ಲಕ್ಷಗಳಲ್ಲಿ.

ಇದನ್ನು ಹಿಡಿಯುವುದು ಸುಲಭ. ನಮ್ಮ ಶಂಖದ ಬಾಯೊಳಗೆ, ಸುರುಳಿಯೆಲ್ಲ ಸುತ್ತಿಕೊಂಡಿರುವ ನಡುಗಂಬದ ಮೇಲೆ, ಮೂರೋ ನಾಲ್ಕೋ ಉಬ್ಬಿದ ಮಡಿಕೆಗಳಿರುತ್ತವೆ. ಹುಳುವಿನ ಸ್ನಾಯು ಚಿಪ್ಪಿನೊಳಗೆ ಹಿಡಿದುಕೊಂಡಿದ್ದು ಆ ಕಂಬವನ್ನೇ. ಬೆರಳಿಟ್ಟರೆ ಏಣುಗಳು ಸ್ಪಷ್ಟವಾಗಿ ತಗಲುತ್ತವೆ. ಎಡಮುರಿಯಾಗಲಿ ಬಲಮುರಿಯಾಗಲಿ, ಟರ್ಬಿನೆಲ್ಲಾ ಆಗಿದ್ದರೆ ಈ ಮಡಿಕೆಗಳು ಇರಲೇಬೇಕು. ಅಮೆರಿಕದ ವೆಲ್ಕ್‌ನಲ್ಲಿ ಆ ಜಾಗ ನುಣುಪು. ಅದರ ಭುಜದ ಮೇಲೆ ಗುಬುಟುಗಳ ಸಾಲು, ಕೆಳಗೆ ಉದ್ದಕ್ಕೆ ಸಪೂರವಾಗುವ ಕೊಕ್ಕು; ನಮ್ಮ ಶಂಖದ ತುಂಬಿದ, ಭಾರವಾದ ಮೈಗೂ ಅದಕ್ಕೂ ಹೋಲಿಕೆಯೇ ಇಲ್ಲ. ಅರದಿಂದ ಕೆತ್ತಿ ಏಣು ಮಾಡುವವರಿದ್ದರೂ ಅವರ ಕೈ ಬಾಯಿಯ ಹತ್ತಿರದಷ್ಟೇ ಹೋಗುತ್ತದೆ. ನಿಜವಾದ ಮಡಿಕೆ ಪ್ರಾಣಿಯ ಎಳವೆಯಿಂದ ಬೆಳೆದು ಬಂದದ್ದು, ಸುರುಳಿಯ ಜೊತೆಗೇ ಒಳಗೊಳಗೆ ಸುತ್ತಿಕೊಂಡು ಮೇಲೇರುತ್ತದೆ. ದೊಡ್ಡ ಮೊತ್ತದ ಮಾತಾದರೆ ಎಕ್ಸ್‌ರೇ ತೆಗೆಸಿ. ನಡುಗಂಬ, ಅದರ ಮಡಿಕೆ, ಅಂಟಿಸಿದ ಗೆರೆ ಎಲ್ಲ ಅದರಲ್ಲಿ ಕಾಣುತ್ತದೆ. ಎಕ್ಸ್‌ರೇ ಎಂದ ಕೂಡಲೇ ದೇವರ ವಸ್ತುವಿಗೆ ಅಪಚಾರ ಎನ್ನುವ ಮಾರಾಟಗಾರನಿಂದ ದೂರವಿರುವುದು ಒಳ್ಳೆಯದು.

ಸೊರಬದ ಗುಡಿಗಾರರು ಗಂಧದ ಕೊರಡನ್ನು ಪರೀಕ್ಷಿಸುವುದೂ ಹೀಗೆಯೇ. ಮೇಲಿನ ಪಾಲಿಶ್ ಅವರ ಕಣ್ಣಿಗೆ ಬೀಳುವುದೇ ಇಲ್ಲ, ಉಳಿ ತಾಕಿದಾಗ ಒಳಗಿನ ಎಳೆ ಹೇಗೆ ಓಡುತ್ತದೆ ಎಂಬುದನ್ನು ನೋಡುತ್ತಾರೆ.

ಮಾರುವವರು ತೋರಿಸುವ ‘ಪರೀಕ್ಷೆ’ಗಳ ಬಗ್ಗೆಯೂ ಒಂದು ಮಾತು. ಕಿವಿಗಿಟ್ಟರೆ ಓಂಕಾರ ಕೇಳುತ್ತದೆ ಎನ್ನುತ್ತಾರೆ. ಕೇಳುತ್ತದೆ, ಸುಳ್ಳಲ್ಲ. ಆದರೆ ಕಂಚಿನ ಚೊಂಬನ್ನು ಕಿವಿಗಿಟ್ಟರೂ ಕೇಳುತ್ತದೆ. ಸುತ್ತಲಿನ ಸಣ್ಣ ಸದ್ದುಗಳಲ್ಲಿ ಕೆಲವು ಪೊಳ್ಳಿನೊಳಗೆ ಅನುರಣಿಸುವುದರಿಂದ ಬರುವ ಮೊರೆತ ಅದು. ಶಂಖದ ಜಾತಿಗೂ ತಿರುವಿಗೂ ಸಂಬಂಧವಿಲ್ಲ. ಮೊಬೈಲಿನಲ್ಲಿ ಬರುವ ಫೋಟೊ ನಂಬಿ ಮುಂಗಡ ಕಳಿಸುವವರು ಇನ್ನೊಂದನ್ನು ನೆನಪಿಡಬೇಕು. ಚಿತ್ರವನ್ನು ಅಡ್ಡಕ್ಕೆ ತಿರುಗಿಸುವ ಒಂದು ಗುಂಡಿ ಒತ್ತಿದರೆ ದಾಸಯ್ಯನ ಎಡಮುರಿಯೂ ಬಲಮುರಿಯಾಗುತ್ತದೆ, ಮಡಿಕೆಗಳ ಸಮೇತ.

ರಾಳ ಮತ್ತು ಪುಡಿ ಸೇರಿಸಿ ಅಚ್ಚು ಹಾಕಿದ್ದಾದರೆ ಹಿಡಿಯುವುದು ಇನ್ನೂ ಸುಲಭ. ಅಸಲಿ ಚಿಪ್ಪು ಕೈಗೆ ತಣ್ಣಗೆ, ಭಾರವಾಗಿ ತಾಕುತ್ತದೆ. ಕಾಣದ ಜಾಗದಲ್ಲಿ ಕಾಯಿಸಿದ ಸೂಜಿ ಮುಟ್ಟಿಸಿದರೆ ರಾಳ ಕರಗಿ ವಾಸನೆ ಬರುತ್ತದೆ, ಚಿಪ್ಪಿಗೆ ಏನೂ ಆಗುವುದಿಲ್ಲ.

ಅಬಲೋನಿಯ ಕಡೆಗೆ ಬರೋಣ. ಇದು ಹ್ಯಾಲಿಯೋಟಿಸ್ ಕುಲದ್ದು, ಇದೂ ಬಸವನಹುಳುವಿನ ಬಂಧುವೇ. ನಮ್ಮ ಮನ್ನಾರ್ ಕೊಲ್ಲಿಯಲ್ಲಿ ಹ್ಯಾಲಿಯೋಟಿಸ್ ವೇರಿಯಾ ಎಂಬ ಸಣ್ಣ ಜಾತಿ ಇದೆ. ಶೋಕೇಸಿಗೆ ಬರುವ ದೊಡ್ಡವು ಕ್ಯಾಲಿಫೋರ್ನಿಯಾ, ನ್ಯೂಜಿಲೆಂಡ್‌ಗಳ ತಣ್ಣೀರಿನವು. ಇದರಲ್ಲಿ ನೋಡಬೇಕಾದ್ದು ತೂತುಗಳನ್ನು. ಬಂಡೆಗೆ ಅಂಟಿಕೊಂಡ ಪ್ರಾಣಿ ಉಸಿರಾಡಿದ ನೀರು, ಕಸ, ಮೊಟ್ಟೆ ಎಲ್ಲವನ್ನೂ ಹೊರಹಾಕುವುದು ಅವುಗಳ ಮೂಲಕ. ಬೆಳೆದಂತೆ ಅಂಚಿನಲ್ಲಿ ಹೊಸ ತೂತು ಹುಟ್ಟುತ್ತದೆ, ಹಿಂದಿನವು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಹಾಗಾಗಿ ಅಸಲಿ ಚಿಪ್ಪಿನಲ್ಲಿ ತೂತುಗಳು ಸಣ್ಣದರಿಂದ ದೊಡ್ಡದಕ್ಕೆ ಸಾಗುತ್ತವೆ, ಹಳೆಯವು ಮುಚ್ಚಿ ಗುಬುಟಾಗಿರುತ್ತವೆ. ಎಲ್ಲವೂ ಒಂದೇ ಅಳತೆಯಲ್ಲಿ, ಒಂದೇ ಅಂತರದಲ್ಲಿ ಇದ್ದರೆ ಅದು ಡ್ರಿಲ್ ಯಂತ್ರದ ಕೆಲಸ. ತೆರೆದಿರುವ ತೂತುಗಳ ಎಣಿಕೆ ಜಾತಿಯನ್ನೂ ಹೇಳುತ್ತದೆ: ಹೊರಗೆ ಇಟ್ಟಿಗೆ ಕೆಂಪಿದ್ದು ಮೂರು ನಾಲ್ಕು ತೂತಿದ್ದರೆ ಕ್ಯಾಲಿಫೋರ್ನಿಯಾದ ಕೆಂಪು ಅಬಲೋನಿ, 30 ಸೆಂಟಿಮೀಟರಿನವರೆಗೂ ಬೆಳೆಯುವ ಕುಲದ ದೊಡ್ಡಣ್ಣ, ಹೊರಗೆ ಕಪ್ಪಿದ್ದು ಸಾಮಾನ್ಯವಾಗಿ ಐದರಿಂದ ಏಳಿದ್ದರೆ ಕಪ್ಪು ಅಬಲೋನಿ. ಒಳಮೈ ಕಡುನೀಲಿ ಹಸಿರಾಗಿ ಕಣ್ಣು ಕೋರೈಸಿದರೆ ಬಹುಮಟ್ಟಿಗೆ ನ್ಯೂಜಿಲೆಂಡಿನಲ್ಲಿ ಮಾತ್ರ ಸಿಗುವ ಪಾವಾ.

ಆ ಬಣ್ಣದಲ್ಲಿ ಬಣ್ಣವೇ ಇಲ್ಲ! ಅರಾಗೊನೈಟ್ ಎಂಬ ಸುಣ್ಣದ ಖನಿಜದ ಹಲಗೆಗಳು, ಒಂದೊಂದೂ ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ದಪ್ಪ, ನಡುವೆ ಪ್ರೋಟೀನಿನ ತೆಳು ಅಂಟು ಹಚ್ಚಿ ಒಂದರ ಮೇಲೊಂದು ಪೇರಿಸಿವೆ. ಪದರದ ದಪ್ಪ ಬೆಳಕಿನ ಅಲೆಯ ಉದ್ದಕ್ಕೆ ಹತ್ತಿರವಿರುವುದರಿಂದ ಬೇರೆ ಬೇರೆ ಪದರಗಳಿಂದ ಹಿಂತಿರುಗಿದ ಅಲೆಗಳು ಕೆಲವು ಬಣ್ಣಗಳನ್ನು ಹೆಚ್ಚಿಸುತ್ತವೆ, ಕೆಲವನ್ನು ಅಳಿಸುತ್ತವೆ. ಚಿಪ್ಪನ್ನು ಓಲಾಡಿಸಿದರೆ ಬೆಳಕಿನ ದಾರಿ ಬದಲಾಗಿ ಬಣ್ಣವೂ ಬದಲಾಗುತ್ತದೆ. ಬಣ್ಣದಲ್ಲಿ ಅದ್ದಿದ ಅಗ್ಗದ ಬಿಳಿಚಿಪ್ಪಿಗೆ ಈ ಆಟ ಬಾರದು. ಯಾವ ಕೋನದಲ್ಲಿ ಹಿಡಿದರೂ ಅದೇ ನೀಲಿ. ಒಡೆಯುವ ಸುಣ್ಣದಿಂದ ಕಟ್ಟಿದ್ದರೂ ಈ ಪದರ ಅಷ್ಟೊಂದು ಗಟ್ಟಿಯಾಗಿರುವುದೂ ಆ ಅಂಟಿನಿಂದಲೇ. ಬಿರುಕು ನೆಟ್ಟಗೆ ಓಡಲಾಗದೆ ಹಲಗೆಹಲಗೆಗೂ ಸುತ್ತಿ ಬಳಲುತ್ತದೆ.

ಬೆಲೆಯ ಮಾತು ಉಳಿಯಿತು. ಚಿಪ್ಪಿನ ಬೆಲೆಯನ್ನು ಗಾತ್ರ, ಹೊಳಪು, ಅಂಚು ಮುರಿಯದಿರುವುದು, ಕೊರೆಹುಳು ತಿಂದ ಸೂಜಿತೂತುಗಳಿಲ್ಲದಿರುವುದು ಇವೆಲ್ಲ ನಿರ್ಧರಿಸುತ್ತವೆ. ಜೀವಂತ ಹಿಡಿದ ಶಂಖ ನುಣ್ಣಗೆ ಹೊಳೆಯುತ್ತದೆ. ಸತ್ತು ತಳದಲ್ಲಿ ಬಿದ್ದಿದ್ದದ್ದು ಸೀಮೆಸುಣ್ಣದಂತೆ ಮಂಕಾಗಿ, ತೂತು ಬಿದ್ದಿರುತ್ತದೆ, ಬಳೆಯವರು ಅದನ್ನು ಕೀಳುದರಕ್ಕೆ ಕೊಳ್ಳುತ್ತಾರೆ. ಇದರ ಮೇಲೆ ಅಪರೂಪ ಎಂಬುದೊಂದು ಕೂರುತ್ತದೆ. ಅದನ್ನು ಬಿಡಿಸಿ ನೋಡಬೇಕು.

ಕೋನಸ್ ಗ್ಲೋರಿಯಮ್ಯಾರಿಸ್ ಎಂಬ ಚಿಪ್ಪು 1777ರಲ್ಲಿ ವಿಜ್ಞಾನಕ್ಕೆ ಪರಿಚಯವಾದಾಗಿನಿಂದ ಸುಮಾರು ಇನ್ನೂರು ವರ್ಷ ಜಗತ್ತಿನ ಅತಿ ದುಬಾರಿ ಚಿಪ್ಪುಗಳಲ್ಲಿ ಒಂದಾಗಿತ್ತು. ಸಂಗ್ರಾಹಕನೊಬ್ಬ ಹರಾಜಿನಲ್ಲಿ ಇನ್ನೊಂದನ್ನು ಕೊಂಡು, ತನ್ನದರ ಬೆಲೆ ಇಳಿಯದಿರಲಿ ಎಂದು ಅಲ್ಲೇ ಕಾಲಿನಿಂದ ತುಳಿದು ಪುಡಿಮಾಡಿದ ಎಂಬ ದಂತಕತೆ ಇದೆ. 1969ರಲ್ಲಿ ಸಾಲೊಮನ್ ದ್ವೀಪಗಳ ಗ್ವಾಡಲ್‌ಕನಾಲ್ ಬಳಿ ಮುಳುಗುಗಾರರಿಗೆ ಅದು ವಾಸಿಸುವ ಜಾಗವೇ ಸಿಕ್ಕಿ, ನೂರಕ್ಕೂ ಹೆಚ್ಚು ಮೇಲೆ ಬಂದವು. ಬೆಲೆ ಕುಸಿಯಿತು. ಮಾಲ್ಡೀವ್ಸ್‌ನಿಂದ ಹಡಗುಗಟ್ಟಲೆ ಬರುತ್ತಿದ್ದ ಕವಡೆಯದೂ ಅದೇ ಕತೆ. ಸಿಲ್ಹೆಟ್‌ನಲ್ಲಿ 19ನೇ ಶತಮಾನದ ಆರಂಭದವರೆಗೂ ಭೂಕಂದಾಯವನ್ನೇ ಕವಡೆಯಲ್ಲಿ ಕಟ್ಟುತ್ತಿದ್ದರು, ಈಗ ಅದು ಚೌಕಾಬಾರದ ಮನೆಯಲ್ಲಿ ಬಿದ್ದಿದೆ. ವಿಳಾಸ ಗೊತ್ತಿಲ್ಲದ್ದರಿಂದ ಬಂದ ಅಪರೂಪ, ದೂರದಿಂದ ತಂದದ್ದರಿಂದ ಬಂದ ಅಪರೂಪ ಒಂದಲ್ಲ ಒಂದು ದಿನ ಕರಗುತ್ತದೆ. ಅಮೆರಿಕದ ವೆಲ್ಕ್‌ಗೆ ಇಲ್ಲಿರುವುದು ಈ ಎರಡನೆಯ ಬಗೆಯ ಅಪರೂಪ. ನಿಜವಾದ ಬಲಮುರಿ ಟರ್ಬಿನೆಲ್ಲಾದ ಅಪರೂಪ ಮಾತ್ರ ಹುಟ್ಟಿನದು. ಹೊಸ ಕಡಲು ಹುಡುಕಿದರೂ ಅದು ಹೆಚ್ಚಾಗುವುದಿಲ್ಲ. ಆದ್ದರಿಂದ ಅದಕ್ಕೆ ಬೆಲೆ ಇರುವುದು ನ್ಯಾಯವೇ. ಆದರೆ ಅದು ಮನೆಗೆ ಹಣ ತರುತ್ತದೆ ಎಂಬುದಕ್ಕೆ ಮಾರುವವನ ಮನೆಯೊಂದೇ ಸಾಕ್ಷಿ.

ಅಬಲೋನಿಯ ಅಪರೂಪ ಇನ್ನೊಂದು ಬಗೆಯದು, ನಾವೇ ತಂದದ್ದು. ಬಿಳಿ ಅಬಲೋನಿಯನ್ನು ಅಮೆರಿಕ 2001ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಬೆನ್ನುಮೂಳೆಯಿಲ್ಲದ ಕಡಲಪ್ರಾಣಿಯೊಂದು ಆ ದೇಶದ ಪಟ್ಟಿಗೆ ಬಂದದ್ದು ಅದೇ ಮೊದಲು. ಕಡಲಪಾಚಿಯ ಕಾಡುಗಳು ನಾಶವಾದ ಮೇಲೆ ಕ್ಯಾಲಿಫೋರ್ನಿಯಾ 2018ರಿಂದ ಕೆಂಪು ಅಬಲೋನಿ ಹಿಡಿಯುವುದನ್ನು ನಿಲ್ಲಿಸಿದೆ. 2022ರ ಡಿಸೆಂಬರಿನಲ್ಲಿ ಐಯುಸಿಎನ್ ಲೆಕ್ಕ ಹಾಕಿದಂತೆ ಜಗತ್ತಿನ 54 ಅಬಲೋನಿ ಜಾತಿಗಳಲ್ಲಿ 20 ಅಪಾಯದಲ್ಲಿವೆ. ಅಮೆರಿಕದಿಂದ ಬರುವ ಮಗನಿಗೆ ಚಿಪ್ಪು ತಾ ಎನ್ನುವ ಮೊದಲು ಇದು ಗೊತ್ತಿದ್ದರೆ ಒಳ್ಳೆಯದು.

ನಮ್ಮಲ್ಲೂ ಕಾನೂನಿದೆ. ಪೂಜೆಯ ಟರ್ಬಿನೆಲ್ಲಾ ಶಂಖ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆದರೆ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಿಗೆ ಹಲವು ಕಡಲಚಿಪ್ಪುಗಳು ಸೇರಿದವು: ಊದಲು ಬಳಸುವ ದೊಡ್ಡ ಟ್ರೈಟನ್ ಶಂಖ, ಕೊಂಬಿನ ಕ್ಯಾಸಿಸ್, ನಾಟಿಲಸ್, ದೈತ್ಯ ಕಪ್ಪೆಚಿಪ್ಪುಗಳು, ಬೆರಳು ಚಾಚಿದಂತಿರುವ ಲ್ಯಾಂಬಿಸ್ ಜಾತಿಗಳು. ಯಾತ್ರಾಸ್ಥಳದ ಅಂಗಡಿಯಲ್ಲಿ ತೂಗುಹಾಕಿದ್ದಾರೆ ಎಂದಮಾತ್ರಕ್ಕೆ ಕೊಳ್ಳಬಹುದು ಎಂದಲ್ಲ.

ಕೊನೆಯದಾಗಿ, ಗೂಡಿನಲ್ಲಿರುವ ಹಳೆಯ ಶಂಖದ ವಿಷಯ. ಹಬ್ಬದ ಮುಂಚೆ ತಾಮ್ರದ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ತಿಕ್ಕುವವರಿದ್ದಾರೆ. ಶಂಖ ಸುಣ್ಣದ ಜಾತಿ. ಹುಳಿ ಬಿದ್ದ ಕಡೆ ನೊರೆಯೆದ್ದು ಮೇಲಿನ ಹೊಳಪು ಕರಗಿಹೋಗುತ್ತದೆ, ಮತ್ತೆ ಬರುವುದಿಲ್ಲ. ಬರೀ ನೀರು, ಮೆತ್ತನೆಯ ಬ್ರಷ್ಷು ಸಾಕು. ತೊಳೆದ ಮೇಲೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಿಡಿ.